ಹುಲಿಯ ಪಟ್ಟೆ, ಮೊಬೈಲಿನ ಗುರುತು



ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೊರಟರೆ, ತಮಿಳುನಾಡಿನ ಗಡಿಗೆ ಮೊದಲು ಪುಣಜನೂರು ಸಿಗುತ್ತದೆ. ಇಲ್ಲಿನ ಕಾಡು ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು. ಇಂಥ ಕಾಡಿನಲ್ಲಿ ಹುಲಿಗಳನ್ನು ಎಣಿಸುವುದು ಹೇಗೆ? ಒಂದೇ ಹುಲಿ ಮೂರು ಕಡೆ ಕಂಡರೆ ಮೂರು ಹುಲಿ ಎಂದು ಬರೆದುಕೊಳ್ಳುವಂತಿಲ್ಲ. ಹಿಂದೆ ಹೆಜ್ಜೆಗುರುತನ್ನು ನಂಬುತ್ತಿದ್ದರು. ಆದರೆ ಮಣ್ಣು ಬದಲಾದರೆ ಹೆಜ್ಜೆಯ ಆಕಾರವೂ ಬದಲಾಗುತ್ತದೆ. 1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು, ಮೈಮೇಲಿನ ಪಟ್ಟೆಗಳಿಂದ ಹುಲಿಗಳನ್ನು ಗುರುತಿಸಿದರು. ಒಂದರ ಪಟ್ಟೆ ಇನ್ನೊಂದಕ್ಕಿಲ್ಲ. ಸಾಯುವವರೆಗೂ ಅದು ಬದಲಾಗುವುದಿಲ್ಲ.

ಒಳ್ಳೆಯ ಗುರುತಿನ ಲಕ್ಷಣಗಳು ಇವೇ ಎರಡು. ಮೊಬೈಲ್ ಫೋನಿಗೆ ಇಂಥ ಗುರುತು ಉಂಟೇ?

ಈ ಪ್ರಶ್ನೆ ಏಕೆ ಬಂತೆಂದರೆ, ಹಣ ಕೊಟ್ಟು ಕೊಂಡ ಆ್ಯಪನ್ನು ಒಬ್ಬರು ನೂರು ಮಂದಿಗೆ ಹಂಚಿದರೆ ತಯಾರಿಸಿದವರಿಗೆ ನಷ್ಟ. ಆದ್ದರಿಂದ ಅವರು ಪರವಾನಗಿಯನ್ನು ಒಂದು ಫೋನಿಗೆ ಕಟ್ಟಿಹಾಕಲು ನೋಡುತ್ತಾರೆ.

ಸಿಮ್ ಸಂಖ್ಯೆ ಸಾಲದು, ಸಿಮ್ ಬದಲಾಯಿಸಬಹುದು. *#06# ಒತ್ತಿದರೆ ಕಾಣುವ 15 ಅಂಕಿಗಳ ಐಎಂಇಐ ಸಂಖ್ಯೆ ಪಟ್ಟೆಯಂತೆಯೇ ಸರಿ. ಆದರೆ 2019ರ ಆಂಡ್ರಾಯ್ಡ್ 10ರಿಂದ ಸಾಮಾನ್ಯ ಆ್ಯಪುಗಳು ಅದನ್ನು ಓದುವಂತಿಲ್ಲ. ಆಪಲ್ ಫೋನಿನ ಸ್ಥಿರ ಗುರುತನ್ನು ಓದುವ ಆ್ಯಪುಗಳಿಗೆ 2013ರ ಮೇ ತಿಂಗಳಿಂದಲೇ ಪ್ರವೇಶವಿಲ್ಲ. ಇನ್ನು ಆಂಡ್ರಾಯ್ಡ್ ಐಡಿ: 2010ರ ಆಂಡ್ರಾಯ್ಡ್ 2.2 ಇದ್ದ ಕೆಲವು ಫೋನುಗಳಲ್ಲಿ ದೋಷದಿಂದಾಗಿ ಒಂದೇ ಸಂಖ್ಯೆ ಕಾಣಿಸಿಕೊಂಡಿತ್ತು. ಹಲವು ಹುಲಿಗಳಿಗೆ ಒಂದೇ ಪಟ್ಟೆ! ಫೋನನ್ನು ಪೂರ್ತಿ ಅಳಿಸಿ ಹೊಸದರಂತೆ ಮಾಡಿದರೆ ಈ ಸಂಖ್ಯೆ ಬದಲಾಗಿಬಿಡುತ್ತದೆ.

ಬಾಗಿಲುಗಳನ್ನು ಹೀಗೆ ಮುಚ್ಚಿದ್ದೇಕೆ? ಬದಲಾಗದ ಸಂಖ್ಯೆಯೊಂದು ಎಲ್ಲ ಆ್ಯಪುಗಳಿಗೂ ಸಿಕ್ಕರೆ, ನೀವು ಓದಿದ್ದು, ಕೊಂಡದ್ದು, ಹೋದ ಊರು ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಬಹುದು. ಹುಲಿಯನ್ನು ಹಾಗೆ ಹಿಂಬಾಲಿಸುವುದು ಅದರ ರಕ್ಷಣೆಗೆ. ಮನುಷ್ಯನ ವಿಷಯ ಬೇರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿತು.

ಹಾಗಾದರೆ ದಾರಿ ಯಾವುದು? ಪಡಿತರ ಚೀಟಿ ಕುಟುಂಬದ ಹೆಸರಿನಲ್ಲಿರುತ್ತದೆ, ಅಕ್ಕಿ ತರುವ ಚೀಲದ ಹೆಸರಿನಲ್ಲಲ್ಲ. ಹಾಗೆಯೇ ಪರವಾನಗಿಯೂ ಕೊಂಡವರ ಖಾತೆಯ ಹೆಸರಿನಲ್ಲಿರಲಿ. ಆ್ಯಪ್ ಮೊದಲ ಸಲ ತೆರೆದಾಗ ತಾನೇ 128 ಬಿಟ್‌ಗಳ ಯಾದೃಚ್ಛಿಕ ಸಂಖ್ಯೆಯೊಂದನ್ನು ಹುಟ್ಟಿಸಿಕೊಳ್ಳಲಿ. ಇಂಥ ಎರಡು ಸಂಖ್ಯೆಗಳು ಒಂದೇ ಆಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಸರ್ವರ್ ಅದನ್ನು ಖಾತೆಯ ಕೆಳಗೆ ಬರೆದುಕೊಂಡು, ತನ್ನ ಡಿಜಿಟಲ್ ಸಹಿ ಹಾಕಿದ ಪರವಾನಗಿ ಕಳುಹಿಸುತ್ತದೆ. ಸಿಗ್ನಲ್ ಇಲ್ಲದ ಕಾಡಿನಲ್ಲೂ ಆ್ಯಪ್ ಆ ಸಹಿಯನ್ನು ಪರೀಕ್ಷಿಸಿಕೊಳ್ಳಬಲ್ಲದು. ಒಂದು ಖಾತೆಗೆ ಎರಡೋ ಮೂರೋ ಫೋನು ಎಂದು ಮಿತಿ ಹಾಕಿದರೆ ಹಂಚುವವರಿಗೆ ತಡೆ. ಫೋನು ಒಡೆದುಹೋದವರು ಹಳೆಯದನ್ನು ತೆಗೆದು ಹೊಸದನ್ನು ಸೇರಿಸಬಹುದು.

ಪರೀಕ್ಷೆಯ ಹಿಂದಿನ ದಿನ ನಿಮ್ಮ ಫೋನು ನೀರಿಗೆ ಬಿತ್ತೆನ್ನಿ. ಹಣ ಕೊಟ್ಟ ಪಾಠಗಳೂ ಅದರೊಂದಿಗೆ ಮುಳುಗಬೇಕೇ? ನಾಳೆ ನೀವೇ ಆ್ಯಪ್ ಬರೆಯುವಾಗ ಈ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಿ.