ಬಾಲಾಪರಾಧಿ ಎಂಬ ಶಬ್ದವೂ ಮನೋವ್ರಣದ ವಿಚಾರವೂ

‘ಬಾಲಾಪರಾಧಿ’ ಎಂಬ ಸಮಾಸದಲ್ಲಿ ಬಾಲ್ಯವು ವಿಶೇಷಣವಾಗಿಯೂ ಅಪರಾಧವು ಪ್ರಧಾನವಾಗಿಯೂ ನಿಲ್ಲುವುದು. 2015ನೆಯ ಇಸವಿಯ ಬಾಲನ್ಯಾಯ ಕಾಯಿದೆ ಈ ಕ್ರಮವನ್ನು ತಿರುಗಿಸಿ, ‘ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗು’ ಎಂದು ಹೆಸರಿಸಿರುವುದು. ಹೀಗೆ ಮಾತು ಬದಲಾದುದರ ಹಿಂದೆ ದೀರ್ಘಕಾಲದ ಸಂಶೋಧನೆಯುಂಟು.

1899ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಬಾಲಕರಿಗೆಂದೇ ಪ್ರತ್ಯೇಕ ನ್ಯಾಯಾಲಯ ಏರ್ಪಟ್ಟಿತು. 1909ರಲ್ಲಿ, ಅಲ್ಲಿಗೆ ಬಂದ ಮಕ್ಕಳ ಮನಸ್ಸನ್ನು ಪರೀಕ್ಷಿಸಲು ವಿಲಿಯಂ ಹೀಲಿ ಎಂಬ ವೈದ್ಯರ ನೇತೃತ್ವದಲ್ಲಿ ಒಂದು ಸಂಸ್ಥೆ ಹುಟ್ಟಿತು. 1944ರಲ್ಲಿ ಲಂಡನ್ನಿನ ಜಾನ್ ಬೌಲ್ಬಿಯವರು ಕಳವು ಮಾಡಿದ 44 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಯಾರಲ್ಲಿಯೂ ಮಮತೆಯಿಲ್ಲದವರೆಂದು ಅವರು ಗುರುತಿಸಿದ 14 ಮಂದಿಯಲ್ಲಿ 12 ಮಂದಿ ಎಳವೆಯಲ್ಲಿಯೇ ತಾಯಿಯನ್ನು ದೀರ್ಘಕಾಲ ಅಗಲಿದ್ದವರು. ತಾಯನ್ನಗಲಿದ ಮಕ್ಕಳೆಲ್ಲರೂ ಕಳ್ಳರಾಗುವರೆಂದು ಇದರಿಂದ ಸಿದ್ಧವಾಗದು. ಆದರೂ ಕಳವಿನ ಹಿಂದೆ ಗಾಯವೊಂದಿರಬಹುದೆಂಬ ವಿಚಾರಕ್ಕೆ ಇದು ಬಲವಿತ್ತಿತು.

ಕನ್ನಡನಾಡಿನಲ್ಲಿ ಈ ವ್ಯಾಸಂಗಕ್ಕೆ ಮುಖ್ಯವಾದ ನೆಲೆ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ ಬಾಲಮನೋವೈದ್ಯದ ಪ್ರಾಧ್ಯಾಪಕರಾಗಿದ್ದ ಶೇಖರ್ ಶೇಷಾದ್ರಿಯವರು ಹಿಂಸೆಗೂ ಸಂಕಟಕ್ಕೂ ಈಡಾದ ಮಕ್ಕಳ ವಿಷಯದಲ್ಲಿ ದಶಕಗಳ ಕಾಲ ದುಡಿದರು. 2020ರಲ್ಲಿ ಕೇಂದ್ರಸರಕಾರದ ಆಶ್ರಯದಿಂದ ಅದೇ ಸಂಸ್ಥೆಯಲ್ಲಿ ‘ಸಂವಾದ್’ ಎಂಬ ಘಟಕ ಸ್ಥಾಪಿತವಾಗಿ, ಇಂತಹ ಮಕ್ಕಳೊಡನೆ ವ್ಯವಹರಿಸುವವರಿಗೆ ತರಬೇತು ಕೊಡುವ ಕಾರ್ಯವನ್ನು ಕೈಕೊಂಡಿತು.

ಈ ತಿಳಿವಳಿಕೆ ದೂರದ ಊರುಗಳಿಗೆ ಮುಟ್ಟುವ ದಾರಿಯನ್ನೂ ಪೂರ್ವೋಕ್ತ ಕಾಯಿದೆ ತೋರಿಸಿರುವುದು. ಜಿಲ್ಲೆಗೊಂದಾದರೂ ಬಾಲನ್ಯಾಯ ಮಂಡಲಿಯಿರತಕ್ಕದ್ದು. ಅದರಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೊಡನೆ ಇಬ್ಬರು ಸಮಾಜಕಾರ್ಯಕರ್ತರು ಕುಳಿತುಕೊಳ್ಳುವರು. ಆ ಇಬ್ಬರಲ್ಲಿ ಒಬ್ಬರಾದರೂ ಸ್ತ್ರೀಯಾಗಿರಬೇಕು. ಕೊಪ್ಪ ತಾಲ್ಲೂಕಿನ ಜಯಪುರದಲ್ಲಿ ಬಾಲಕನೊಬ್ಬನ ಮೇಲೆ ಆಪಾದನೆ ಬಂದರೆ, ಅದರ ವಿಚಾರಣೆ ಚಿಕ್ಕಮಗಳೂರು ಜಿಲ್ಲೆಯ ಮಂಡಲಿಗೆ ಸೇರಿದುದು. ಪರಿವೀಕ್ಷಣಾಧಿಕಾರಿ ಎರಡು ವಾರಗಳೊಳಗಾಗಿ ಅವನ ಪೂರ್ವವೃತ್ತವನ್ನೂ ಮನೆಯ ಸ್ಥಿತಿಯನ್ನೂ ವಿಚಾರಿಸಿ ಸಾಮಾಜಿಕ ತನಿಖಾ ವರದಿಯನ್ನು ಒಪ್ಪಿಸಬೇಕು. ತಂದೆಯ ಕುಡಿತ, ತಿಂದ ಪೆಟ್ಟು, ಬಿಟ್ಟುಹೋದ ಶಾಲೆ, ತೋಟದ ಕೂಲಿಯ ಬದುಕು ಮೊದಲಾದುವು ಈ ವರದಿಯಲ್ಲಿ ಬಾರದೆ ಹೋದರೆ, ಅವು ಮಂಡಲಿಯ ಗಮನಕ್ಕೆ ಬರುವುದು ದುರ್ಲಭ.

16 ವರ್ಷ ತುಂಬಿದವನ ಮೇಲೆ ಘೋರಾಪರಾಧದ ಆರೋಪವಿದ್ದಲ್ಲಿ ಈ ವಿಚಾರಕ್ಕೆ ಇನ್ನೂ ಹೆಚ್ಚಿನ ಭಾರವುಂಟು. ಅವನನ್ನು ವಯಸ್ಕನಂತೆ ವಿಚಾರಣೆಗೆ ಗುರಿಪಡಿಸಬಹುದೇ ಎಂಬುದನ್ನು, ಅವನ ಮನೋದೇಹಗಳ ಶಕ್ತಿಯನ್ನೂ ಕೃತ್ಯದ ಸಂದರ್ಭವನ್ನೂ ನೋಡಿ ನಿರ್ಧರಿಸಬೇಕು. ಬಾಲಮನಶ್ಶಾಸ್ತ್ರದಲ್ಲಾಗಲಿ ಮನೋವೈದ್ಯದಲ್ಲಾಗಲಿ ಪದವಿ ಪಡೆದವರು ಮಂಡಲಿಯಲ್ಲಿಲ್ಲದಿದ್ದರೆ ತಜ್ಞರ ನೆರವನ್ನು ಪಡೆಯಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ವಿಧಿಸಿತು.

ಕಾಯಿದೆ ಹೊಸ ಹೆಸರನ್ನಿತ್ತಿದೆ. ಆ ಹೆಸರಿಗೆ ಅರ್ಥ ತುಂಬುವುದು ಆ ವರದಿಯನ್ನು ಬರೆಯುವವರ ಶ್ರದ್ಧೆಗೆ ಸೇರಿದುದು.