ಹಳೆಯ ಜಾಹೀರಾತು: ರದ್ದಿಯಲ್ಲ, ದಾಖಲೆ

ಕಾಫಿ ಗಿಡದ ಚರಿತ್ರೆ ನಮ್ಮ ಬೆಳೆಗಾರರಿಗೆ ತಕ್ಕಮಟ್ಟಿಗೆ ಗೊತ್ತು. ಆದರೆ ಬೀಜವು ತೋಟ ಬಿಟ್ಟು ಹೋದ ಮೇಲೆ ಅದನ್ನು ಹುರಿಯುವ, ಪುಡಿ ಮಾಡುವ, ಪೊಟ್ಟಣ ಕಟ್ಟುವ ಕೆಲಸಗಳು ಹೇಗೆ ಬೆಳೆದುಬಂದವು? ಇದಕ್ಕೆ ಒಳ್ಳೆಯ ಸಾಕ್ಷಿ ಎಂದರೆ ಪೇಟೆಂಟ್ ಪಡೆದ ಹಳೆಯ ಯಂತ್ರಗಳ ಮುದ್ರಿತ ಜಾಹೀರಾತುಗಳು. ಅಮೆರಿಕದಲ್ಲಿ ಇವನ್ನು ಹುಡುಕಿ ಕೂಡಿಡುವವರು ಬಹಳ ಮಂದಿ ಇದ್ದಾರೆ.

ಒಂದು ಕಾಲಕ್ಕೆ ಅಲ್ಲಿನ ಮನೆಗಳಲ್ಲಿಯೂ ಹಸಿ ಬೀಜ ತಂದು ಬಾಣಲೆಯಲ್ಲಿ ಹುರಿಯುತ್ತಿದ್ದರು. 1864ರಲ್ಲಿ ನ್ಯೂಯಾರ್ಕಿನ ಜೇಬೆಜ್ ಬರ್ನ್ಸ್ ಎಂಬವರು ಹೊಸ ಹುರಿಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಅದರ ಡ್ರಮ್ಮನ್ನು ಬೆಂಕಿಯ ಮೇಲಿಂದ ಇಳಿಸದೆಯೇ ಹುರಿದ ಬೀಜವನ್ನು ಹೊರಗೆ ಸುರಿಯಬಹುದಾಗಿತ್ತು. 1868ರಲ್ಲಿ ಜಾನ್ ಆರ್ಬಕಲ್ ಎಂಬ ವ್ಯಾಪಾರಿ, ಹುರಿದ ಬೀಜದ ಪರಿಮಳ ಹಾರಿಹೋಗದಂತೆ ಮೊಟ್ಟೆ, ಸಕ್ಕರೆ ಮುಂತಾದವುಗಳ ಲೇಪ ಕೊಡುವುದಕ್ಕೆ ಪೇಟೆಂಟ್ ಪಡೆದರು. ಆ ಕಾಫಿಯನ್ನು ಒಂದು ಪೌಂಡಿನ ಕಾಗದದ ಪೊಟ್ಟಣಗಳಲ್ಲಿ ಮಾರಿದರು. ಪೊಟ್ಟಣದೊಳಗೆ ಒಂದು ಬಣ್ಣದ ಚೀಟಿ ಇರುತ್ತಿತ್ತು. 1889ರಲ್ಲಿ ಭೂಪಟಗಳಿದ್ದ 50 ಚೀಟಿಗಳ ಒಂದು ಸರಣಿಯನ್ನೇ ಹೊರಡಿಸಿದರು.

ಜನ ಇಂತಹ ಚೀಟಿಗಳನ್ನು ಪುಸ್ತಕಗಳಲ್ಲಿ ಅಂಟಿಸಿಟ್ಟುಕೊಂಡರು. ಅವು ಇಂದಿಗೂ ಉಳಿದಿರುವುದು ಹೆಚ್ಚಾಗಿ ಅದರಿಂದಲೇ. ಆದರೆ ಜಾಹೀರಾತು ಇದ್ದದ್ದು ಚೀಟಿಯ ಹಿಂಬದಿಯಲ್ಲಿ; ಅಂಟಿನಿಂದಾಗಿ ಎಷ್ಟೋ ಚೀಟಿಗಳಲ್ಲಿ ಚಿತ್ರ ಉಳಿದು ಬರಹ ಹಾಳಾಯಿತು.

ಇಲ್ಲಿ ನಾವು ಒಂದು ಮಾತು ಗಮನಿಸಬೇಕು. ಪೇಟೆಂಟ್ ಎಂದರೆ ಸರಕಿನ ಗುಣಕ್ಕೆ ಸರ್ಕಾರ ಕೊಟ್ಟ ಖಾತರಿ ಅಲ್ಲ. ಉಪಾಯ ಹೊಸದು, ಇಂತಿಷ್ಟು ವರ್ಷ ಅದನ್ನು ಬೇರೆಯವರು ಬಳಸಕೂಡದು ಎಂಬ ಹಕ್ಕು, ಅಷ್ಟೆ. ಅಂದಿನ ಅಮೆರಿಕದಲ್ಲಿ ಆ ಅವಧಿ 17 ವರ್ಷ. ಈಗ ನಮ್ಮ ದೇಶದಲ್ಲಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಜಾಹೀರಾತಿಗೂ ಸಲ್ಲುವ ಮಾತು.

ಪೇಟೆಂಟಿನ ತಾರೀಖೂ ಮೋಸಗೊಳಿಸಬಹುದು. ಫಿಲಡೆಲ್ಫಿಯಾದ ಎಂಟರ್‌ಪ್ರೈಸ್ ಕಂಪೆನಿಯ ಕಾಫಿ ಪುಡಿ ಮಾಡುವ ಯಂತ್ರಗಳ ಮೇಲೆ 1873ರ ಅಕ್ಟೋಬರ್ 21 ಎಂಬ ತಾರೀಖು ಕಾಣುತ್ತದೆ. ಅದು ಪೇಟೆಂಟ್ ಸಿಕ್ಕಿದ ದಿನವೇ ಹೊರತು ಯಂತ್ರ ತಯಾರಾದ ದಿನವಲ್ಲ. ಜಾಹೀರಾತಿನಲ್ಲಿರುವ ತಾರೀಖಿನಿಂದಲೂ ಅದು ಆ ದಿನಕ್ಕಿಂತ ಹಳೆಯದಲ್ಲ ಎಂದಷ್ಟೇ ಹೇಳಬಹುದು. ಹಾಗೆಯೇ, ಭೂತಗನ್ನಡಿ ಹಿಡಿದಾಗ ಬಣ್ಣದ ಚುಕ್ಕಿಗಳು ಒಂದೇ ಕ್ರಮದಲ್ಲಿ ಸಾಲಾಗಿ ಕಂಡರೆ ಅದು ಇತ್ತೀಚಿನ ಮರುಮುದ್ರಣವಿರಬಹುದು. ಹಳೆಯ ಕಲ್ಲಚ್ಚಿನ ಚುಕ್ಕಿಗಳು ಹಾಗಿರುವುದಿಲ್ಲ.

ನಮ್ಮ ದೇಶದಲ್ಲಿಯೂ ಈ ಚರಿತ್ರೆ ಹಳೆಯದೇ. ಇಲ್ಲಿ ಪೇಟೆಂಟ್ ಕಾನೂನು ಬಂದದ್ದು 1856ರಲ್ಲಿ. ಅದೇ ವರ್ಷ ಕಲ್ಕತ್ತದ ಜಾರ್ಜ್ ಆಲ್‌ಫ್ರೆಡ್ ಡಿಪೆನ್ನಿಂಗ್ ಅವರು ಪಂಖ ಎಳೆಯುವ ಯಂತ್ರಕ್ಕಾಗಿ ಮೊದಲ ಅರ್ಜಿ ಹಾಕಿದರು.

ನಮ್ಮ ಮನೆಗಳ ಅಟ್ಟದಲ್ಲಿ, ಹಳೆಯ ಟ್ರಂಕುಗಳಲ್ಲಿ ಪಲ್ಪರಿನ ಬೆಲೆಪಟ್ಟಿ, ಔಷಧಿ ಹೊಡೆಯುವ ಪಂಪಿನ ಕರಪತ್ರ, ಕಂಪೆನಿಗಳ ಕ್ಯಾಲೆಂಡರು ಇದ್ದರೂ ಇರಬಹುದು. ಅವನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ನೋಡಿ. ಯಾವ ಯಂತ್ರ ಯಾವಾಗ ನಮ್ಮ ಸೀಮೆಗೆ ಬಂತು, ಬೆಲೆ ಎಷ್ಟಿತ್ತು, ಏಜೆಂಟರು ಯಾರು ಎಂಬುದು ಬೇರೆಲ್ಲಿಯೂ ಬರೆದಿಟ್ಟಿರಲಾರದು.

ಇಡುವ ಕ್ರಮವೂ ಸುಲಭ. ಪತ್ರಿಕೆಯಿಂದ ಜಾಹೀರಾತನ್ನು ಕತ್ತರಿಸಬೇಡಿ. ಕತ್ತರಿಸಿದರೆ ಪತ್ರಿಕೆಯ ಹೆಸರೂ ತಾರೀಖೂ ಹೋಗುತ್ತವೆ. ಟೇಪು, ಗೋಂದು, ಲ್ಯಾಮಿನೇಷನ್ ಬೇಡ. ಹರಿದಿದ್ದರೆ ಹಾಗೆಯೇ ಮಡಿಕೆಯಿಲ್ಲದ ಕಾಗದದ ಲಕೋಟೆಯಲ್ಲಿಟ್ಟು, ಎಲ್ಲಿ ಸಿಕ್ಕಿತೆಂಬುದನ್ನು ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಬಿಸಿಲು ಬೀಳದ, ಗೋಡೆಗೆ ತಾಗದ ಕಪಾಟಿನಲ್ಲಿಡಿ. ಮಳೆಗಾಲ ಮುಗಿದೊಡನೆ ತೆಗೆದು ಬೂಷ್ಟು, ಗೆದ್ದಲು ನೋಡಿ. ಮನೆಯ ಹಿರಿಯರು ಇರುವಾಗಲೇ ಆ ಯಂತ್ರದ ಕಥೆ ಕೇಳಿ ಬರೆದಿಟ್ಟರೆ ಕಾಗದದ ಬೆಲೆ ಇಮ್ಮಡಿಯಾಗುತ್ತದೆ.