ಎರಡು ವರ್ಷದೊಳಗೆ ಕಳೆದುಹೋಗುವ ಮಾತು

ಊಟ ಮಾಡಿಸುವಾಗ ಮಗುವಿನ ಎದುರು ಮೊಬೈಲ್ ಇಡುವ ಅಭ್ಯಾಸ ಹಳ್ಳಿ, ಪಟ್ಟಣ ಎನ್ನದೆ ಹಬ್ಬಿದೆ. ತುತ್ತು ಬೇಗ ಇಳಿಯುತ್ತದೆ, ಮಗು ಹಟ ಮಾಡುವುದಿಲ್ಲ. ದಿನವಿಡೀ ದುಡಿದು ಬಂದ ತಾಯಿಯನ್ನು ಇದಕ್ಕಾಗಿ ದೂರಲು ನನಗೆ ಮನಸ್ಸಿಲ್ಲ. ಆದರೆ ಆ ಅರ್ಧ ಗಂಟೆಯಲ್ಲಿ ಮಗುವಿನ ಕಿವಿಗೆ ಬೀಳಬೇಕಿದ್ದ ಮಾತು ಬೀಳದೇ ಹೋಗುತ್ತದೆ. ಈ ಕೊರತೆ ದಿನದಿನವೂ ಕೂಡುತ್ತಾ ಹೋದರೆ ಏನಾಗುತ್ತದೆ ಎಂಬುದಕ್ಕೆ ನಾವು ಕಡೆಗಣಿಸಲಾಗದಷ್ಟು ಪುರಾವೆ ಈಗ ಸೇರಿದೆ.

ಮಗು ಮೊದಲ ಮಾತಾಡುವುದು ವರ್ಷ ತುಂಬುವ ಹೊತ್ತಿಗಾದರೂ ಮಾತು ಕಲಿಯುವ ಕೆಲಸ ಅದಕ್ಕೂ ಎಷ್ಟೋ ಮೊದಲೇ ಶುರುವಾಗಿರುತ್ತದೆ. ಆರರಿಂದ ಒಂಬತ್ತು ತಿಂಗಳ ಕೂಸುಗಳಿಗೇ ಕೆಲವು ತಿಂಡಿಗಳ, ಮೈಯ ಅಂಗಗಳ ಹೆಸರು ತಿಳಿದಿರುತ್ತವೆ ಎಂದು 2012ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಕಲಿಕೆಯ ಜೊತೆಗೇ ಕಳೆದುಕೊಳ್ಳುವುದೂ ನಡೆಯುತ್ತದೆ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಕೆನಡಾದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಮಕ್ಕಳು ಹಿಂದಿಯ ತ-ಕಾರ, ಟ-ಕಾರಗಳ ವ್ಯತ್ಯಾಸವನ್ನು ಸಲೀಸಾಗಿ ಗುರುತಿಸಿದರು. ಹತ್ತು-ಹನ್ನೆರಡು ತಿಂಗಳ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಹೋಗಿತ್ತು. ಕನ್ನಡಕ್ಕೂ ಬೇಕಾದ ವ್ಯತ್ಯಾಸವೇ ಇದು. ಸುತ್ತ ಕೇಳಿದ ಭಾಷೆಗೆ ಕಿವಿ ಒಗ್ಗುತ್ತದೆ, ಕೇಳದ ದನಿಗಳನ್ನು ಬಿಟ್ಟುಕೊಡುತ್ತದೆ.

ಇದರ ಮುಂದಿನ ಹಂತವನ್ನು ಅಳೆದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆ್ಯನ್ ಫರ್ನಾಲ್ಡ್. ಮಗುವಿನ ಎದುರು ಎರಡು ಚಿತ್ರ ಇಟ್ಟು, ಒಂದರ ಹೆಸರು ಹೇಳಿ, ಅದರ ಕಣ್ಣು ಎಷ್ಟು ಬೇಗ ಸರಿಯಾದ ಚಿತ್ರದತ್ತ ಹೊರಳುತ್ತದೆಂದು ಅವರು ನೋಡಿದರು. 1998ರ ಆ ಅಧ್ಯಯನದಲ್ಲಿ ಹದಿನೈದು ತಿಂಗಳ ಮಕ್ಕಳಿಗೆ ಸುಮಾರು ಒಂದು ಸೆಕೆಂಡ್ ಬೇಕಾಯಿತು. ಪದ ಪೂರ್ತಿ ಕೇಳಿದ ಮೇಲೆಯೇ ಕಣ್ಣು ಹೊರಳಿತು. ಎರಡು ವರ್ಷದವರ ಕಣ್ಣು ಪದ ಮುಗಿಯುವ ಮೊದಲೇ ಹೊರಟಿತ್ತು.

ಸೆಕೆಂಡಿನ ಈ ಚೂರುಪಾರಿಗೆ ಏಕಿಷ್ಟು ಮಹತ್ವ? ಮಾತು ಮಗುವಿಗಾಗಿ ನಿಂತು ಕಾಯುವುದಿಲ್ಲ. ‘ಅಜ್ಜಿ ಬುಟ್ಟೀಲಿ ಸೀಬೆಹಣ್ಣು ತಂದಿದ್ದಾರೆ ನೋಡು’ ಎಂದಿರೆನ್ನಿ. ಅಜ್ಜಿ, ಬುಟ್ಟಿ ಎರಡೂ ಗೊತ್ತು, ಸೀಬೆಹಣ್ಣು ಹೊಸದು. ಬುಟ್ಟಿ ಎಂಬುದನ್ನು ಥಟ್ಟನೆ ಹಿಡಿದ ಮಗುವಿಗೆ ಮುಂದಿನ ಹೊಸ ಪದದ ಮೇಲೆ ಗಮನವಿಡಲು ಬಿಡುವು ಸಿಗುತ್ತದೆ. ಅದು ಬುಟ್ಟಿಯೊಳಗೆ ಇಣುಕಿ ಸೀಬೆಹಣ್ಣು ಯಾವುದೆಂದು ಊಹಿಸುತ್ತದೆ. ತಡವಾಗಿ ಹಿಡಿಯುವ ಮಗು ಬುಟ್ಟಿಯಲ್ಲೇ ಸಿಕ್ಕಿಕೊಂಡಿರುವಾಗ ವಾಕ್ಯ ಮುಗಿದಿರುತ್ತದೆ. ನಮ್ಮ ಭಾಷೆಯಲ್ಲಂತೂ ಬುಟ್ಟಿ, ಬುಟ್ಟಿಗೆ, ಬುಟ್ಟೀಲಿ, ಬುಟ್ಟಿಯಿಂದ ಎಂದು ಒಂದೇ ಪದ ಹಲವು ರೂಪ ತಾಳುತ್ತದೆ. ಇವೆಲ್ಲ ಒಂದೇ ಎಂದು ತಿಳಿಯಲು ಮಗು ಅವನ್ನು ಪದೇ ಪದೇ ಕೇಳಿರಬೇಕು. ವರ್ಜೀನಿಯಾ ಮಾರ್ಚ್‌ಮನ್ ಮತ್ತು ಫರ್ನಾಲ್ಡ್ 2008ರಲ್ಲಿ ಪ್ರಕಟಿಸಿದ ಫಲಿತಾಂಶ ಇನ್ನೂ ಗಂಭೀರವಾದದ್ದು: ಎರಡು ವರ್ಷದ ಆಸುಪಾಸಿನಲ್ಲಿ ಪದ ಗುರುತಿಸುವ ವೇಗಕ್ಕೂ ಎಂಟನೇ ವಯಸ್ಸಿನ ಭಾಷಾಜ್ಞಾನ, ಬುದ್ಧಿ ಪರೀಕ್ಷೆಗಳ ಅಂಕಗಳಿಗೂ ಸಂಬಂಧ ಕಂಡಿತು.

ಆ ವೇಗ ಎಲ್ಲಿಂದ ಬರುತ್ತದೆ? ಅಮೆರಿಕದಲ್ಲಿ ಸ್ಪ್ಯಾನಿಷ್ ಆಡುವ 29 ಬಡ ಕುಟುಂಬಗಳ ಮಕ್ಕಳ ಇಡೀ ದಿನದ ಮಾತುಗಳನ್ನು ಧ್ವನಿಮುದ್ರಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಒಂದು ಮಗುವಿಗೆಂದೇ ಆಡಿದ ಪದಗಳು ದಿನಕ್ಕೆ 12,000 ದಾಟಿದ್ದರೆ ಇನ್ನೊಂದಕ್ಕೆ ಬರೀ 670. ಬಡತನ ಎಲ್ಲ ಮನೆಗೂ ಒಂದೇ ಇತ್ತು, ಮಾತು ಒಂದೇ ಇರಲಿಲ್ಲ. ತಮ್ಮೊಡನೆ ಹೆಚ್ಚು ಮಾತಾಡಿಸಿಕೊಂಡ ಮಕ್ಕಳೇ ಪದಗಳನ್ನು ಬೇಗ ಗುರುತಿಸಿದರು. ದೊಡ್ಡವರು ತಮ್ಮತಮ್ಮೊಳಗೆ ಆಡಿಕೊಂಡ ಮಾತಿನಿಂದ ಆ ಲಾಭ ಕಾಣಲಿಲ್ಲ.

ಹಾಗಿದ್ದರೆ ಫೋನಿನಲ್ಲಿ ಹಾಡು, ಕಥೆ ಕೇಳಿಸಿದರೆ ಸಾಲದೇ? ಅಮೆರಿಕದ ಸಂಶೋಧಕಿ ಪೆಟ್ರೀಷಿಯಾ ಕೂಲ್ 2003ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನಿ ಮಾತಾಡುವವರು ಎದುರು ಕೂತು ಹನ್ನೆರಡು ಬಾರಿ ಓದಿ, ಆಟವಾಡಿಸಿದರು. ಅವು ಚೀನಿಯ ಧ್ವನಿಭೇದ ಕಲಿತವು. ಅದೇ ಜನ, ಅದೇ ಮಾತು ಪರದೆಯಲ್ಲಿ ಬಂದಾಗ ಏನೂ ಕಲಿಯಲಿಲ್ಲ. ಕಲಿಸದ ಪರದೆ ಕಲಿಸುವವರ ಬಾಯಿಯನ್ನೂ ಕಟ್ಟುತ್ತದೆ. ಆಸ್ಟ್ರೇಲಿಯಾದ 220 ಕುಟುಂಬಗಳ ಅಧ್ಯಯನ 2024ರಲ್ಲಿ ಹೇಳಿದ್ದು: ಮೂರು ವರ್ಷದ ಮಗುವಿನ ಪ್ರತಿ ಹೆಚ್ಚುವರಿ ನಿಮಿಷದ ಪರದೆಗೆ ದೊಡ್ಡವರ ಸುಮಾರು 6.6 ಪದಗಳು, ಮಗುವಿನ ಸುಮಾರು 4.9 ಉಲಿಗಳು ಕಡಿಮೆ. ಜಪಾನಿನಲ್ಲಿ 7,097 ತಾಯಿ-ಮಕ್ಕಳನ್ನು ಹಿಂಬಾಲಿಸಿ 2023ರಲ್ಲಿ ವರದಿ ಮಾಡಿದವರು, ಒಂದನೇ ವಯಸ್ಸಿನಲ್ಲಿ ಪರದೆ ನೋಡಿದ ಹೊತ್ತು ಹೆಚ್ಚಿದಂತೆ ಎರಡು ಮತ್ತು ನಾಲ್ಕನೇ ವಯಸ್ಸಿನಲ್ಲಿ ಸಂವಹನ ಹಿಂದುಳಿಯುವುದೂ ಹೆಚ್ಚಿದ್ದನ್ನು ಕಂಡರು.

ಈ ಕೊನೆಯ ಎರಡು ಅಧ್ಯಯನಗಳು ಸಂಬಂಧವನ್ನು ತೋರುತ್ತವೆಯೇ ಹೊರತು ಪರದೆಯೊಂದೇ ಕಾರಣವೆಂದು ಸಾಬೀತು ಮಾಡುವುದಿಲ್ಲ. ಮೊದಲೇ ಮಾತು ನಿಧಾನವಾಗಿದ್ದ ಮಗುವಿನ ಕೈಗೆ ಫೋನ್ ಹೆಚ್ಚು ಹೋಗಿರಲೂಬಹುದು. ದೂರದೂರಿನ ತಾತನ ಜೊತೆಗಿನ ವಿಡಿಯೊ ಕರೆ ಬೇರೆಯೇ ಸಂಗತಿ: ಆಚೆಯವರು ಮಗುವಿನ ಮಾತಿಗೆ ಆಗಲೇ ಸ್ಪಂದಿಸಿದರೆ ಎರಡು ದಾಟಿದ ಮಕ್ಕಳು ಅಲ್ಲೂ ಹೊಸ ಪದ ಕಲಿತರು ಎಂದು 2014ರ ಪ್ರಯೋಗವೊಂದು ತೋರಿಸಿದೆ. ಆದರೂ ಬೇರೆ ಬೇರೆ ದೇಶದ, ಬೇರೆ ಬೇರೆ ವಿಧಾನದ ಪುರಾವೆಗಳು ಒಂದೇ ದಿಕ್ಕಿಗೆ ಬೊಟ್ಟು ಮಾಡುವಾಗ, ಇನ್ನಷ್ಟು ಖಚಿತವಾಗಲಿ ಎಂದು ಕಾಯುವುದು ಈಗ ತೊಟ್ಟಿಲಲ್ಲಿರುವ ಮಕ್ಕಳಿಗೆ ಮಾಡುವ ಅನ್ಯಾಯ. ಅವರು ಒಂದನೇ ತರಗತಿಗೆ ಬರುವಾಗ ಮೇಷ್ಟರ ಮಾತಿನ ವೇಗ ಹಿಡಿಯಲಾರದೆ ಹಿಂದೆ ಉಳಿದರೆ, ಅದನ್ನು ದಡ್ಡತನ ಎಂದು ಕರೆಯುವವರೂ ನಾವೇ ಆಗಿರುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಎರಡು ವರ್ಷ ತುಂಬುವವರೆಗೆ ಪರದೆ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದಿತು. ಭಾರತದ ಮಕ್ಕಳ ವೈದ್ಯರ ಸಂಘವೂ ಎರಡು ವರ್ಷದೊಳಗೆ ಬೇಡವೆಂದೇ ಹೇಳಿದೆ. ಅಂಗನವಾಡಿಯಲ್ಲಿ, ಚುಚ್ಚುಮದ್ದಿಗೆ ಬಂದಾಗ ಈ ಮಾತು ಪ್ರತಿ ತಾಯಿತಂದೆಗೂ ತಲುಪಬೇಕು.

ಇನ್ನೊಂದು ಎಚ್ಚರ. ಮಾತು ತಡವಾದರೆ ‘ಮೊಬೈಲ್ ನೋಡಿ ಹೀಗಾಗಿದೆ’ ಎಂದು ಮನೆಯಲ್ಲೇ ತೀರ್ಮಾನಿಸಿ ಕೂರಬೇಡಿ. ಕಿವುಡುತನವೋ ಆಟಿಸಮ್ಮೋ ಇದ್ದರೆ ಪ್ರತಿ ತಿಂಗಳೂ ಅಮೂಲ್ಯ. ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದ, ಒಂದೂವರೆ ವರ್ಷಕ್ಕೂ ಒಂದು ಪದ ಆಡದ, ಎರಡಕ್ಕೂ ಎರಡು ಪದ ಜೋಡಿಸದ ಮಗುವಿನ ಕಿವಿಯನ್ನು ತಡಮಾಡದೆ ಪರೀಕ್ಷೆ ಮಾಡಿಸಿ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇರುವುದೇ ಇದಕ್ಕೆ.